ಅಟ್ಲಾಂಟಿಕ್ ದಾಟುವವರಿಗೆ ಕಿವಿಮಾತು

ಲಂಡನ್ನಿನಿಂದ ನ್ಯೂಯಾರ್ಕಿಗೆ ವಿಮಾನದಲ್ಲಿ ಏಳೆಂಟು ತಾಸಿನ ದಾರಿ. ಅದೇ ಕಡಲನ್ನು ಏಳು ರಾತ್ರಿ ಕಳೆದು ಹಡಗಿನಲ್ಲಿ ದಾಟುವವರು ಇಂದಿಗೂ ಇದ್ದಾರೆ. ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿಗೂ ನ್ಯೂಯಾರ್ಕಿಗೂ ನಡುವೆ ವೇಳಾಪಟ್ಟಿಗೆ ಕಟ್ಟುಬಿದ್ದು ಓಡಾಡುವ ಮಹಾನೌಕೆ ಈಗ ಉಳಿದಿರುವುದು ಒಂದೇ: 2004ರಲ್ಲಿ ಸೇವೆಗೆ ಇಳಿದ, ಕ್ಯುನಾರ್ಡ್ ಕಂಪನಿಯ ‘ಕ್ವೀನ್ ಮೇರಿ 2’. ಅದನ್ನು ಹತ್ತುವವರಿಗೆ ಬಲ್ಲವರು ಹೇಳುವ ಕಿವಿಮಾತುಗಳು ಹಲವು. ಕೋಣೆಯನ್ನು ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಅಂತಸ್ತಿನಲ್ಲಿ ಕೇಳಿ ಪಡೆಯಿರಿ. ಬೇಸಗೆಯಾದರೂ ಉಣ್ಣೆಯ ಬಟ್ಟೆ ಜೊತೆಗಿರಲಿ. ಪೆಟ್ಟಿಗೆಗೆ ಹೆಸರಿನ ಚೀಟಿ ಕಟ್ಟುವುದನ್ನು ಮರೆಯಬೇಡಿ. ರಕ್ಷಣಾ ದೋಣಿಯ ಕವಾಯತನ್ನು ತಪ್ಪಿಸಿಕೊಳ್ಳಬೇಡಿ.

ಕೇಳಲು ಇವು ಸಣ್ಣ ಮಾತುಗಳು. ಆದರೆ ಒಂದೊಂದರ ಹಿಂದೆಯೂ ನೂರಾರು ಪ್ರಯಾಣಗಳ ಅನುಭವವಿದೆ. ಕೆಲವುದರ ಹಿಂದೆ ಸಾವುನೋವುಗಳೂ ಇವೆ. ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಅಟ್ಲಾಂಟಿಕ್ ಎಲ್ಲರಿಗೂ ಒಂದೇ ಆಗಿತ್ತು. ಕಿವಿಮಾತು ಮಾತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ. ಪ್ರಯಾಣಿಕನು ಏನನ್ನು ತಿಳಿದಿರಬೇಕು ಎಂಬುದನ್ನು ಅವನ ಕೈಯಲ್ಲಿದ್ದ ಟಿಕೆಟ್ಟಿನ ಬೆಲೆಯೇ ನಿರ್ಧರಿಸುತ್ತಿತ್ತು.

‘ಲೈನ್’ ಇದ್ದುದರಿಂದ ‘ಲೈನರ್’

ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಅಟ್ಲಾಂಟಿಕ್ ದಾಟಬೇಕೆಂದವನು ಮೊದಲು ಕಲಿಯಬೇಕಾಗಿದ್ದ ವಿದ್ಯೆಯೆಂದರೆ ಕಾಯುವುದು. ಹಡಗಿನ ಹೊಟ್ಟೆ ಸರಕಿನಿಂದ ತುಂಬಬೇಕು, ಗಾಳಿ ಅನುಕೂಲವಾಗಬೇಕು. ಅಲ್ಲಿಯವರೆಗೆ ಕಪ್ತಾನ ಲಂಗರು ಎತ್ತುತ್ತಿರಲಿಲ್ಲ. ಪ್ರಯಾಣಿಕರು ಬಂದರಿನ ಛತ್ರಗಳಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬಿದ್ದಿರುತ್ತಿದ್ದರು. ಈ ಪದ್ಧತಿಯನ್ನು ಮುರಿದದ್ದು ನ್ಯೂಯಾರ್ಕಿನ ಬ್ಲ್ಯಾಕ್ ಬಾಲ್ ಲೈನ್ ಎಂಬ ಸಂಸ್ಥೆ. 1818ರ ಜನವರಿ 5ರಂದು ಅದರ ‘ಜೇಮ್ಸ್ ಮನ್ರೋ’ ಎಂಬ ಹಾಯಿಹಡಗು, ಹಿಮ ಸುರಿಯುತ್ತಿದ್ದರೂ ಲೆಕ್ಕಿಸದೆ, ಮೊದಲೇ ಸಾರಿದ್ದ ದಿನದಂದೇ ಲಿವರ್‌ಪೂಲಿಗೆ ಹೊರಟಿತು. ನಿಶ್ಚಿತ ದಾರಿಯಲ್ಲಿ ನಿಶ್ಚಿತ ದಿನ ಓಡುವ ಹಡಗುಗಳ ಸಾಲಿಗೆ ‘ಲೈನ್’ ಎಂದೂ ಆ ಸಾಲಿನ ಹಡಗಿಗೆ ‘ಲೈನರ್’ ಎಂದೂ ಹೆಸರು ನಿಂತಿತು. ವಿಹಾರಕ್ಕೆಂದು ಹತ್ತಾರು ಬಂದರು ಸುತ್ತಿಸಿ ತರುವ ಕ್ರೂಸ್ ಹಡಗು ಬೇರೆ, ಲೈನರ್ ಬೇರೆ. ಊರಿಂದೂರಿಗೆ ಹೊತ್ತಿಗೆ ಸರಿಯಾಗಿ ಓಡುವ ಸರ್ವೀಸ್ ಬಸ್ಸಿಗೂ ಯಾತ್ರೆಗೆಂದು ಗೊತ್ತುಮಾಡಿದ ಬಸ್ಸಿಗೂ ಇರುವಷ್ಟೇ ವ್ಯತ್ಯಾಸ.

ಆದರೂ ಗಾಳಿಯ ಹಂಗು ತಪ್ಪಿರಲಿಲ್ಲ. ಅಮೆರಿಕದಿಂದ ಯುರೋಪಿಗೆ ಮೂರು ನಾಲ್ಕು ವಾರ. ಎದುರುಗಾಳಿಯಲ್ಲಿ ಪಶ್ಚಿಮಕ್ಕೆ ಬರುವುದಾದರೆ ಐದಾರು ವಾರ. 1838ರ ಏಪ್ರಿಲ್ 23ರಂದು ‘ಸಿರಿಯಸ್’ ಮತ್ತು ‘ಗ್ರೇಟ್ ವೆಸ್ಟರ್ನ್’ ಎಂಬ ಎರಡು ಉಗಿಹಡಗುಗಳು ಕೆಲವೇ ತಾಸುಗಳ ಅಂತರದಲ್ಲಿ ನ್ಯೂಯಾರ್ಕ್ ಮುಟ್ಟಿದವು. ‘ಗ್ರೇಟ್ ವೆಸ್ಟರ್ನ್’ ತೆಗೆದುಕೊಂಡದ್ದು ಸುಮಾರು ಹದಿನೈದು ದಿನ. ಎರಡು ವರ್ಷಗಳ ಬಳಿಕ, 1840ರ ಜುಲೈ 4ರಂದು, ಕೆನಡಾದ ಹ್ಯಾಲಿಫ್ಯಾಕ್ಸ್‌ನವನಾದ ಸ್ಯಾಮ್ಯುಯೆಲ್ ಕ್ಯುನಾರ್ಡ್ ಬ್ರಿಟಿಷ್ ಸರಕಾರದ ಅಂಚೆ ಸಾಗಿಸುವ ಗುತ್ತಿಗೆ ಹಿಡಿದು ‘ಬ್ರಿಟಾನಿಯಾ’ ಹಡಗನ್ನು ಲಿವರ್‌ಪೂಲಿನಿಂದ ಕಳಿಸಿದ. ಅಂಚೆ ತಡವಾದರೆ ದಂಡ ತೆರಬೇಕು. ಆದ್ದರಿಂದ ಸಮಯಪಾಲನೆಯೇ ಅವನ ಹಡಗುಗಳ ಧರ್ಮವಾಯಿತು. ಹಾಲಿಗೆಂದು ಹಡಗಿನ ಮೇಲೆ ಒಂದು ಹಸುವನ್ನೂ ಕಟ್ಟಿರುತ್ತಿದ್ದರು.

ನಡುವಿನ ಕೋಣೆಯ ಮಹಿಮೆ

ಈ ‘ಬ್ರಿಟಾನಿಯಾ’ದಲ್ಲೇ 1842ರ ಜನವರಿಯಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಪತ್ನಿಸಮೇತ ಅಮೆರಿಕಕ್ಕೆ ಹೊರಟ. ಚಿತ್ರಗಳಲ್ಲಿ ಕಂಡಿದ್ದ ವೈಭವಕ್ಕೂ ತನಗೆ ದೊರೆತ ಇಕ್ಕಟ್ಟಾದ ಕೋಣೆಗೂ ಇದ್ದ ಅಂತರವನ್ನು ಅವನು ತನ್ನ ಪ್ರವಾಸದ ಪುಸ್ತಕದಲ್ಲಿ ನಗೆಯಾಡುತ್ತಲೇ ಬಣ್ಣಿಸಿದ್ದಾನೆ. ಬಿರುಗಾಳಿಗೆ ಹಡಗಿನ ರಕ್ಷಣಾ ದೋಣಿಯೇ ನುಚ್ಚುನೂರಾಯಿತು. ಆ ಪ್ರಯಾಣ ಅವನಿಗೆ ಎಷ್ಟು ಸಾಕಾಯಿತೆಂದರೆ, ಮರಳುವಾಗ ಉಗಿಹಡಗನ್ನೇ ಬಿಟ್ಟು ಹಾಯಿಹಡಗು ಹತ್ತಿದ.

ಆಗಿನ ಹಡಗುಗಳಲ್ಲಿ ಉತ್ತಮ ದರ್ಜೆಯ ಕೋಣೆಗಳು ಹಿಂಭಾಗದಲ್ಲಿ ಇರುತ್ತಿದ್ದವು. ಹಾಯಿಹಡಗಿನ ಕಾಲದಿಂದ ಬಂದ ಸಂಪ್ರದಾಯ ಅದು. ಆದರೆ ಹಡಗು ಅಲೆಯನ್ನು ಏರಿ ಇಳಿಯುವಾಗ ಅದರ ಎರಡು ತುದಿಗಳೇ ಹೆಚ್ಚು ಕುಲುಕುತ್ತವೆ. ಏತದ ಮರದ ತುದಿ ಎಷ್ಟೇ ಏರಿಳಿದರೂ ನಡುವಿನ ಆಧಾರದ ಬಳಿ ಅಲುಗಾಟ ಕಡಿಮೆ, ಹಡಗಿನದೂ ಹಾಗೆಯೇ. ಮೇಲಿನ ಅಂತಸ್ತುಗಳಲ್ಲಿ ಪಕ್ಕಕ್ಕೆ ಓಲಾಡುವುದು ಹೆಚ್ಚು, ಕೆಳಗೆ ಕಡಿಮೆ. ಈ ಸರಳ ತತ್ತ್ವವನ್ನು ಅರಿತು 1871ರಲ್ಲಿ ವೈಟ್ ಸ್ಟಾರ್ ಲೈನ್ ತನ್ನ ‘ಓಷಿಯಾನಿಕ್’ ಹಡಗಿನಲ್ಲಿ ಮೊದಲ ದರ್ಜೆಯ ಕೋಣೆಗಳನ್ನೂ ಊಟದ ಸಭಾಂಗಣವನ್ನೂ ನಡುಭಾಗಕ್ಕೆ ತಂದಿತು. ಉಳಿದ ಕಂಪನಿಗಳೂ ಅದೇ ಹಾದಿ ಹಿಡಿದವು. ಇಂದು ಕೋಣೆ ಕಾಯ್ದಿರಿಸುವವರಿಗೆ ಹೇಳುವ ‘ನಡುವಿನಲ್ಲಿ, ಕೆಳಗೆ’ ಎಂಬ ಬುದ್ಧಿಮಾತಿನ ಹಿಂದಿರುವುದು ಈ ತತ್ತ್ವವೇ. ಕುಲುಕುವ ತುದಿಗಳು ಬಡವರ ಪಾಲಿಗೆ ಬಂದವು ಎಂಬುದು ಇದೇ ಬದಲಾವಣೆಯ ಇನ್ನೊಂದು ಮುಖ.

ಕಡಲಬೇನೆಗೆ ಮಾತ್ರ ದರ್ಜೆಭೇದವಿರಲಿಲ್ಲ. ಕಿವಿಯೊಳಗಿನ ಸಮತೋಲದ ಅಂಗ ‘ಅಲುಗಾಟವಿದೆ’ ಎನ್ನುತ್ತದೆ; ಕೋಣೆಯ ಗೋಡೆ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ನಡುವಿನ ಜಗಳದಿಂದಲೇ ಹೊಟ್ಟೆ ತೊಳಸುವುದು. ಆದ್ದರಿಂದಲೇ ಹಳಬರು ‘ಮೇಲೆ ಬಂದು ದಿಗಂತವನ್ನು ನೋಡಿ, ಒಣ ಬಿಸ್ಕತ್ತು ತಿನ್ನಿ, ಹೊಟ್ಟೆ ಬರಿದಾಗಿ ಬಿಡಬೇಡಿ’ ಎನ್ನುತ್ತಿದ್ದರು. ಶುಂಠಿಯೂ ಹಳೆಯ ಮದ್ದೇ. 1947ರ ನವೆಂಬರಿನಲ್ಲಿ ಅಮೆರಿಕದ ‘ಜನರಲ್ ಬ್ಯಾಲೂ’ ಎಂಬ ಸೈನಿಕ ಹಡಗಿನ ಅಟ್ಲಾಂಟಿಕ್ ಪ್ರಯಾಣದಲ್ಲಿ ಯೋಧರ ಮೇಲೆ ಡ್ರಾಮಮೈನ್ ಗುಳಿಗೆಯನ್ನು ಪರೀಕ್ಷಿಸಿದರು, ಫಲಿತಾಂಶ ಸಂತೋಷಕರವಾಗಿತ್ತು. 1950ರ ದಶಕದಲ್ಲಿ ಹಡಗಿನ ಎರಡೂ ಬದಿಗೆ ಮೀನಿನ ಈಜುರೆಕ್ಕೆಯಂಥ ಸ್ಥಿರಕಗಳು ಬಂದ ಮೇಲೆ ಓಲಾಟವೇ ತಗ್ಗಿತು.

ಪೆಟ್ಟಿಗೆ, ಕುರ್ಚಿ, ಇಸ್ಪೀಟು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳು ಮಹಾನೌಕೆಗಳ ವೈಭವದ ಕಾಲ. ‘ಮಾರಿಟೇನಿಯಾ’ ಸುಮಾರು ಐದು ದಿನಗಳಲ್ಲಿ ಕಡಲು ದಾಟಿ 1909ರಿಂದ 1929ರವರೆಗೆ ವೇಗದ ದಾಖಲೆಯನ್ನು ಬಿಟ್ಟುಕೊಡಲಿಲ್ಲ. ಮೇಲಿನ ದರ್ಜೆಯ ಪ್ರಯಾಣಿಕನಿಗೆ ಆಗ ಗೊತ್ತಿರಬೇಕಾಗಿದ್ದ ವಿಷಯಗಳೇ ಬೇರೆ.

ಮೊದಲನೆಯದು ಸಾಮಾನು. ದಾರಿಯಲ್ಲಿ ಬೇಕಾಗುವ ಪೆಟ್ಟಿಗೆಗೆ ಒಂದು ಚೀಟಿ, ಬೇಡದ ಪೆಟ್ಟಿಗೆಗೆ ಇನ್ನೊಂದು. ಬೇಡದ್ದು ಹಡಗಿನ ತಳದ ಉಗ್ರಾಣಕ್ಕೆ ಹೋದರೆ ಆಚೆಯ ದಡ ಮುಟ್ಟುವವರೆಗೆ ಕೈಗೆ ಸಿಗದು. ಕೋಣೆಯಲ್ಲಿ ಇಡುವ ಟ್ರಂಕು ಮಂಚದ ಅಡಿಗೆ ತೂರುವಷ್ಟು ತಗ್ಗಾಗಿರಬೇಕು. ಮನೆತನದ ಹೆಸರಿನ ಮೊದಲ ಅಕ್ಷರವನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಂಟಿಸಬೇಕು. ಏಕೆಂದರೆ ನ್ಯೂಯಾರ್ಕಿನ ಧಕ್ಕೆಯಲ್ಲಿ ಸುಂಕದ ತಪಾಸಣೆಗಾಗಿ ಸಾಮಾನುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ಇಡುತ್ತಿದ್ದರು. ಅಕ್ಷರ ತಪ್ಪಿದರೆ ಅರ್ಧ ದಿನ ಹುಡುಕಾಟ.

ಎರಡನೆಯದು ಕುರ್ಚಿ. ಹಡಗು ಹತ್ತಿದ ಕೂಡಲೇ ಊಟದ ಮೇಜಿನ ಜಾಗವನ್ನು ಗೊತ್ತುಮಾಡಿಕೊಂಡು, ಬಳಿಕ ಅಟ್ಟದ ಮೇಲಿನ ಒರಗುಕುರ್ಚಿಯನ್ನು ಬಾಡಿಗೆಗೆ ಹಿಡಿಯಬೇಕು. ಅದಕ್ಕೆ ಹೆಸರಿನ ಚೀಟಿ ಸಿಕ್ಕಿಸಿದರೆ ಪ್ರಯಾಣ ಮುಗಿಯುವವರೆಗೆ ಅದು ಅವರದೇ. ಅಮೆರಿಕದತ್ತ ಹೋಗುವಾಗ ಹಡಗಿನ ಎಡಬದಿ ದಕ್ಷಿಣಕ್ಕೆ ಮುಖಮಾಡಿರುತ್ತದೆ. ಬಿಸಿಲು ಬೇಕೆನ್ನುವವರು ಅಲ್ಲಿ ಕೂರಬೇಕು. ಮರಳುವಾಗ ಬಲಬದಿ. ಬೆಳಗಿನ ಹನ್ನೊಂದರ ಹೊತ್ತಿಗೆ ಕಂಬಳಿ ಹೊದ್ದು ಕುಳಿತವರ ಕೈಗೆ ಬಿಸಿ ಸಾರಿನ ಬಟ್ಟಲು ಬರುತ್ತಿತ್ತು. ಸೇವಕರಿಗೆ ಇನಾಮು ಕೊಡುವುದು ಕೊನೆಯ ದಿನ.

ಮೂರನೆಯದು ಇಸ್ಪೀಟು. ಧೂಮಪಾನದ ಕೋಣೆಯಲ್ಲಿ ವಿನಯದಿಂದ ಪರಿಚಯ ಮಾಡಿಕೊಂಡು ಆಟಕ್ಕೆ ಕರೆಯುವ ಸಭ್ಯ ಗೃಹಸ್ಥರಲ್ಲಿ ಕೆಲವರಿಗೆ ಅದೇ ಕಸುಬು. ಇವರ ಬಗ್ಗೆ ಎಚ್ಚರದಿಂದಿರಿ ಎಂದು ಕಂಪನಿಗಳೇ ಪ್ರಕಟಣೆ ಹಚ್ಚುತ್ತಿದ್ದವು.

ಹಾಸಿಗೆ ತಾವೇ ತರಬೇಕು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮಲ್ಲಿ ಗಾದೆ. ಹಡಗಿನ ಕೆಳಗಿನ ದರ್ಜೆಯಲ್ಲಿ ಆ ಹಾಸಿಗೆಯನ್ನೂ ಪ್ರಯಾಣಿಕನೇ ಹೊತ್ತು ತರಬೇಕಿತ್ತು. ಚುಕ್ಕಾಣಿ ನಡೆಸುವ ಯಂತ್ರದ ಆಸುಪಾಸಿನ ಜಾಗವಾದ್ದರಿಂದ ಈ ದರ್ಜೆಗೆ ‘ಸ್ಟೀರೇಜ್’ ಎಂಬ ಹೆಸರು. ಹುಲ್ಲು ತುಂಬಿದ ಚೀಲ, ತಗಡಿನ ತಟ್ಟೆ, ಲೋಟ, ಚಮಚ ಇವು ಅವರ ಸಾಮಾನು. ಹಾಯಿಹಡಗಿನ ಕಾಲದಲ್ಲಿ ಅಡುಗೆಯನ್ನೂ ಮೇಲಿನ ಅಟ್ಟದ ಒಲೆಗಳಲ್ಲಿ ಸರದಿ ನಿಂತು ತಾವೇ ಮಾಡಿಕೊಳ್ಳಬೇಕು. ಕಡಲು ಕೆರಳಿದ ದಿನ ಒಲೆ ಉರಿಯದು, ಅಂದು ಉಪವಾಸ.

ಆ ಕಾಲದ ಅತ್ಯಂತ ಘೋರ ವರ್ಷ 1847. ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಕ್ಷಾಮ ಬಂದಿತ್ತು. ಕೆನಡಾದಿಂದ ಮರದ ದಿಮ್ಮಿ ತಂದಿಳಿಸಿದ ಹಡಗುಗಳು ಬರಿದಾಗಿ ಹಿಂತಿರುಗುವ ಬದಲು ಮನುಷ್ಯರನ್ನು ತುಂಬಿಕೊಂಡು ಹೊರಟವು. ಹಸಿದ ಮೈಗಳಿಗೆ ಹೇನಿನಿಂದ ಹರಡುವ ಟೈಫಸ್ ಜ್ವರ ಹತ್ತಿಕೊಂಡಿತು. ಕ್ವಿಬೆಕ್ ಬಳಿಯ ಗ್ರಾಸ್ ಈಲ್ ಎಂಬ ತಪಾಸಣಾ ದ್ವೀಪದಲ್ಲಿ ಆ ಒಂದೇ ವರ್ಷ ಹೂಳಿದ ಹೆಣಗಳು ಐದು ಸಾವಿರಕ್ಕೂ ಹೆಚ್ಚು. ದಾರಿಯಲ್ಲಿ ಕಡಲಿಗೆ ಹಾಕಿದವು ಈ ಲೆಕ್ಕಕ್ಕೆ ಸೇರಿಲ್ಲ. ‘ಶವಪೆಟ್ಟಿಗೆ ಹಡಗು’ ಎಂಬ ಹೆಸರು ಇಂಥವಕ್ಕೇ ಬಂದದ್ದು.

ಉಗಿಹಡಗು ಬಂದ ಮೇಲೆ ದಿನಗಳು ಕಡಿಮೆಯಾದವು, ಸಾವೂ ತಗ್ಗಿತು. ಆದರೆ ದರ್ಜೆಯ ಗೆರೆ ಅಳಿಯಲಿಲ್ಲ. 1879ರಲ್ಲಿ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ ಗ್ಲಾಸ್ಗೋದಿಂದ ‘ಡೆವೋನಿಯಾ’ ಹಡಗಿನಲ್ಲಿ ನ್ಯೂಯಾರ್ಕಿಗೆ ಹೊರಟಾಗ ಸ್ಟೀರೇಜಿನ ದರ ಆರು ಗಿನಿ. ಅವನು ಎಂಟು ಗಿನಿ ತೆತ್ತು ಅದಕ್ಕೆ ಅಂಟಿಕೊಂಡೇ ಇದ್ದ ಎರಡನೇ ದರ್ಜೆ ಹಿಡಿದ. ಆ ಎರಡು ಗಿನಿಗೆ ಸಿಕ್ಕಿದ್ದು ಹಾಸಿಗೆ, ತಟ್ಟೆ ಬಟ್ಟಲು ಮತ್ತು ಬರೆಯಲು ಒಂದು ಮೇಜು. ಅವನು ಪಕ್ಕದ ಸ್ಟೀರೇಜಿಗೆ ಹೋಗಿ ಅಲ್ಲಿನ ಜನರೊಡನೆ ಬೆರೆತು ಬರೆದ ಪುಸ್ತಕ ಮನೆಯವರಿಗೆ ಹಿಡಿಸಲಿಲ್ಲ. ಅವನ ಜೀವಿತಕಾಲದಲ್ಲಿ ಅದು ಹೊರಬರಲೂ ಇಲ್ಲ.

1907ರಲ್ಲಿ ನೇಮಕವಾದ ಅಮೆರಿಕದ ವಲಸೆ ಆಯೋಗ ತನ್ನ ತನಿಖಾಧಿಕಾರಿಗಳನ್ನು, ಹೆಂಗಸರನ್ನೂ ಸೇರಿಸಿ, ವಲಸಿಗರ ವೇಷದಲ್ಲಿ ಸ್ಟೀರೇಜಿನಲ್ಲೇ ಕಳಿಸಿತು. ತೊಳೆಯಲು ನೀರು ಸಾಲದು, ಗಾಳಿ ಆಡದು, ವಾಂತಿಯ ನಾತ ಹೋಗದು, ಹೆಂಗಸರಿಗೆ ಮರೆಯಿಲ್ಲ ಎಂದು ಅವರು ವರದಿ ಮಾಡಿದರು. ಮೇಲಿನ ಅಂತಸ್ತಿನ ಅಮೃತಶಿಲೆ, ಪಿಯಾನೋಗಳ ವೈಭವಕ್ಕೆ ಆಧಾರವಾಗಿದ್ದುದು ಈ ಕೆಳಗಿನವರ ಹಣವೇ. ತಲೆಗೆ ಕೊಡುವ ದುಡ್ಡು ಕಡಿಮೆಯಾದರೂ ತಲೆಗಳು ಸಾವಿರಗಟ್ಟಲೆ.

ಸೀಮೆಸುಣ್ಣದ ಗುರುತು

ಕೆಳಗಿನ ದರ್ಜೆಯವರ ನಿಜವಾದ ಪರೀಕ್ಷೆ ಕಡಲು ದಾಟಿದ ಮೇಲೆ ಕಾದಿತ್ತು. ಮೊದಲ ಮತ್ತು ಎರಡನೇ ದರ್ಜೆಯವರ ತಪಾಸಣೆ ಹಡಗಿನಲ್ಲೇ ಮುಗಿದು, ಅವರು ನೇರವಾಗಿ ನ್ಯೂಯಾರ್ಕಿನ ಧಕ್ಕೆಗೆ ಇಳಿಯುತ್ತಿದ್ದರು. ಉಳಿದವರನ್ನು ಸಣ್ಣ ಹಡಗುಗಳಲ್ಲಿ ಎಲ್ಲಿಸ್ ದ್ವೀಪಕ್ಕೆ ಒಯ್ಯುತ್ತಿದ್ದರು. 1892ರ ಜನವರಿ 1ರಂದು ಆರಂಭವಾಗಿ 1954ರಲ್ಲಿ ಮುಚ್ಚಿದ ಈ ವಲಸೆ ಠಾಣೆಯ ಮೂಲಕ ಸುಮಾರು 1 ಕೋಟಿ 20 ಲಕ್ಷ ಜನ ಅಮೆರಿಕ ಹೊಕ್ಕರು.

ಇಲ್ಲಿ ಕೆಲಸಕ್ಕೆ ಬರುತ್ತಿದ್ದ ಕಿವಿಮಾತುಗಳು ಬಾಯಿಂದ ಬಾಯಿಗೆ ಹಬ್ಬಿದ್ದವು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟುಕೊಳ್ಳಿ. ಮೆಟ್ಟಿಲು ಹತ್ತುವಾಗ ಗಂಟುಮೂಟೆ ಎಷ್ಟೇ ಭಾರವಿದ್ದರೂ ಏದುಸಿರು ಬಿಡಬೇಡಿ, ಕುಂಟಬೇಡಿ. ಮೇಲೆ ನಿಂತ ವೈದ್ಯರು ನೋಡುತ್ತಿರುತ್ತಾರೆ. ಸಂಶಯ ಬಂದವರ ಅಂಗಿಯ ಮೇಲೆ ಅವರು ಸೀಮೆಸುಣ್ಣದಲ್ಲಿ ಇಂಗ್ಲಿಷಿನ ಒಂದಕ್ಷರ ಬರೆಯುತ್ತಿದ್ದರು: ಹೃದಯಕ್ಕೆ ‘ಎಚ್’, ಕುಂಟಿಗೆ ‘ಎಲ್’, ಕಣ್ಣಿಗೆ ‘ಇ’. ಎಲ್ಲಕ್ಕಿಂತ ಹೆಚ್ಚು ಭಯ ಕಣ್ಣಿನ ಪರೀಕ್ಷೆಯದು. ಗುಂಡಿ ಸಿಕ್ಕಿಸುವ ಕೊಕ್ಕೆಯಿಂದಲೋ ಬೆರಳಿನಿಂದಲೋ ರೆಪ್ಪೆಯನ್ನು ಮಗುಚಿ ಟ್ರಕೋಮಾ ರೋಗವಿದೆಯೇ ಎಂದು ನೋಡುತ್ತಿದ್ದರು. ಇದ್ದರೆ ಬಂದ ದಾರಿಗೆ ಸುಂಕವಿಲ್ಲ.

ಆಮೇಲೆ ಪ್ರಶ್ನೆಗಳು. ಹೆಸರು, ಊರು, ಯಾರ ಬಳಿಗೆ ಹೋಗುವುದು, ಕೈಯಲ್ಲಿ ಹಣವೆಷ್ಟು ಎಂದು ಮುಂತಾಗಿ 29. ಇವುಗಳಲ್ಲಿ ಒಂದು ಇಕ್ಕುಳದಂತಿತ್ತು: ‘ನಿನಗೆ ಕೆಲಸ ಕಾದಿದೆಯೇ?’ ಹೌದು ಎಂದರೆ ತಪ್ಪು, ಏಕೆಂದರೆ ಮೊದಲೇ ಕರಾರು ಮಾಡಿಕೊಂಡ ಕೂಲಿಗಳನ್ನು ಕರೆತರುವುದನ್ನು 1885ರ ಕಾನೂನು ನಿಷೇಧಿಸಿತ್ತು. ದುಡಿಯಲು ಅಸಮರ್ಥನೆಂದು ಕಂಡರೂ ತಪ್ಪು, ಏಕೆಂದರೆ ಸಮಾಜಕ್ಕೆ ಹೊರೆಯಾಗುವವರಿಗೆ ಪ್ರವೇಶವಿಲ್ಲ. ಕೆಲಸ ಗೊತ್ತಾಗಿಲ್ಲ, ಆದರೆ ಮಾಡಲು ತಯಾರಿದ್ದೇನೆ, ಇದೊಂದೇ ಸರಿಯುತ್ತರ.

ಎಲ್ಲಿಸ್ ದ್ವೀಪದ ಗುಮಾಸ್ತರು ಜನರ ಹೆಸರುಗಳನ್ನು ಮನಬಂದಂತೆ ಬದಲಿಸಿದರೆಂಬ ಕಥೆ ಅಮೆರಿಕದ ಮನೆಮನೆಗಳಲ್ಲಿದೆ. ಅದು ನಿಜವಲ್ಲ. ಅಧಿಕಾರಿಗಳ ಎದುರು ಇರುತ್ತಿದ್ದುದು ಹೊರಟ ಬಂದರಿನಲ್ಲೇ ಹಡಗಿನ ಕಂಪನಿ ಬರೆದುಕೊಂಡ ಪಟ್ಟಿ; ಅವರು ಅದನ್ನು ತಾಳೆ ನೋಡುತ್ತಿದ್ದರಷ್ಟೆ. ಒಟ್ಟಿನಲ್ಲಿ ತಿರಸ್ಕೃತರಾದವರು ನೂರಕ್ಕೆ ಸುಮಾರು ಇಬ್ಬರು. ಸಣ್ಣ ಸಂಖ್ಯೆಯೆಂದು ತೋರಬಹುದು. ಆದರೆ ಮನೆಮಾರು ಮಾರಿ ಬಂದ ಕುಟುಂಬದಲ್ಲಿ ಅಜ್ಜಿಯೊಬ್ಬಳಿಗೆ ‘ಇಲ್ಲ’ ಎಂದಾಗ ಉಳಿದವರು ಅಲ್ಲೇ ನಿಂತು ತೀರ್ಮಾನಿಸಬೇಕಿತ್ತು, ಅವಳೊಡನೆ ಯಾರು ಹಿಂತಿರುಗುವುದೆಂದು. ತಿರಸ್ಕೃತರನ್ನು ಮರಳಿ ಒಯ್ಯುವ ಖರ್ಚು ಹಡಗಿನ ಕಂಪನಿಯದಾಗಿದ್ದರಿಂದ ಕಂಪನಿಗಳೂ ಹೊರಡುವ ಬಂದರಿನಲ್ಲೇ ವೈದ್ಯರನ್ನು ಇಟ್ಟವು. ಹಲವರ ಅಮೆರಿಕ ಹ್ಯಾಂಬರ್ಗಿನಲ್ಲೇ ಮುಗಿದುಹೋಗುತ್ತಿತ್ತು.

ದೋಣಿಯ ಪಾಠ

1912ರ ಏಪ್ರಿಲಿನಲ್ಲಿ ‘ಟೈಟಾನಿಕ್’ ಹಿಮಬಂಡೆಗೆ ಬಡಿದು ಮುಳುಗಿದಾಗ ಅದರಲ್ಲಿದ್ದವರು ಸುಮಾರು 2,200 ಜನ. ಇದ್ದ 20 ರಕ್ಷಣಾ ದೋಣಿಗಳಲ್ಲಿ ಜಾಗವಿದ್ದುದು 1,178 ಮಂದಿಗೆ. ವಿಚಿತ್ರವೆಂದರೆ ಅದು ಕಾನೂನು ಕೇಳಿದ್ದಕ್ಕಿಂತ ಹೆಚ್ಚೇ ಆಗಿತ್ತು. ಬ್ರಿಟನ್ನಿನ ನಿಯಮ ಹತ್ತು ಸಾವಿರ ಟನ್ನಿನ ಹಡಗುಗಳ ಕಾಲದಲ್ಲೇ ನಿಂತುಬಿಟ್ಟಿತ್ತು. ಸತ್ತವರು ಸುಮಾರು 1,500. ಮೊದಲ ದರ್ಜೆಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಉಳಿದರೆ ಮೂರನೇ ದರ್ಜೆಯಲ್ಲಿ ಇಪ್ಪತ್ತೈದು. ಕೆಳಗಿನವರಿಗೆ ದೋಣಿಗಳಿದ್ದ ಅಟ್ಟದ ದಾರಿಯೇ ಗೊತ್ತಿರಲಿಲ್ಲ. ರೋಗ ಹರಡದಂತೆ ಅವರನ್ನು ಪ್ರತ್ಯೇಕವಾಗಿಡಬೇಕೆಂಬ ವಲಸೆ ನಿಯಮಕ್ಕಾಗಿ ಹಾಕಿದ್ದ ಅಡ್ಡಗೇಟುಗಳೂ ನಡುವೆ ಇದ್ದವು.

1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮಾವೇಶ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಜಾಗವಿರಬೇಕು, ದೋಣಿ ಕವಾಯತು ನಡೆಯಬೇಕು, ಹಿಮಬಂಡೆಗಳ ಮೇಲೆ ಕಾವಲಿರಬೇಕು ಎಂದು ಒಪ್ಪಂದ ಮಾಡಿತು. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ‘ಕೋಸ್ಟ ಕಾಂಕಾರ್ಡಿಯಾ’ ಹಡಗು ದುರಂತಕ್ಕೀಡಾದ ಮೇಲೆ ನಿಯಮ ಇನ್ನೂ ಬಿಗಿಯಾಯಿತು. 2015ರಿಂದ ಹೊಸ ಪ್ರಯಾಣಿಕರಿಗೆ ಈ ತಿಳಿವಳಿಕೆಯನ್ನು ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಕೊಡಬೇಕು. ಬೇಸರದಿಂದ ಆಕಳಿಸುತ್ತ ರಕ್ಷಾಕವಚ ತೊಟ್ಟು ನಿಲ್ಲುವ ಆ ಕೆಲವು ನಿಮಿಷಗಳ ಬೆಲೆ ಇಷ್ಟು.

ಬಾಗಿಲು ಮುಚ್ಚಿದ ಮೇಲೆ

ಭಾರತೀಯರೂ ಈ ಕಡಲನ್ನು ಹಡಗಿನಲ್ಲೇ ದಾಟಿದವರು. 1912ರ ಅಕ್ಟೋಬರಿನಲ್ಲಿ ರವೀಂದ್ರನಾಥ ಠಾಕೂರರು ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದರು. 1913ರ ಜುಲೈಯಲ್ಲಿ ಬಿ.ಆರ್. ಅಂಬೇಡ್ಕರರು ಬರೋಡ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆಂದು ನ್ಯೂಯಾರ್ಕಿಗೆ ಬಂದಿಳಿದರು; 1916ರಲ್ಲಿ, ಮಹಾಯುದ್ಧದ ನಡುವೆಯೇ, ಅಲ್ಲಿಂದ ಲಂಡನ್ನಿಗೆ ಕಡಲು ದಾಟಿದರು. 1917ರ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದ ವಲಸಿಗರಿಗೆ ಅಮೆರಿಕದ ಬಾಗಿಲು ಮುಚ್ಚಿತು. ವಿದ್ಯಾರ್ಥಿಗಳಿಗೆ ಮಾತ್ರ ಸಂದಿಯೊಂದು ಉಳಿಯಿತು. 1920ರಲ್ಲಿ ಹಾಗೆ ಎಲ್ಲಿಸ್ ದ್ವೀಪದ ಮೂಲಕ ಒಳಹೊಕ್ಕ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಏಷ್ಯನ್ನನಾದ.

1924ರಲ್ಲಿ ದೇಶವಾರು ಮಿತಿಗಳು ಬಿಗಿಯಾಗಿ ಬಂದಾಗ ಯುರೋಪಿನ ಬಡವರಿಗೂ ದಾರಿ ಕಿರಿದಾಯಿತು. ಖಾಲಿಯಾದ ಸ್ಟೀರೇಜಿಗೆ ಕಂಪನಿಗಳು ಬಣ್ಣ ಬಳಿದು, ಕೋಣೆಗಳಾಗಿ ವಿಂಗಡಿಸಿ, ‘ಪ್ರವಾಸಿ ಮೂರನೇ ದರ್ಜೆ’ ಎಂದು ಹೆಸರಿಟ್ಟು ಅಮೆರಿಕದ ವಿದ್ಯಾರ್ಥಿಗಳಿಗೂ ಶಾಲಾ ಶಿಕ್ಷಕರಿಗೂ ಮಾರಿದವು. ಕೆಲವೇ ವರ್ಷಗಳ ಹಿಂದೆ ಜನ ಹುಲ್ಲಿನ ಚೀಲ ಹಾಸಿ ಮಲಗುತ್ತಿದ್ದ ಜಾಗದಲ್ಲಿ ಈಗ ರಜೆಯ ಹಾಡು ಕೇಳತೊಡಗಿತು.

1952ರಲ್ಲಿ ‘ಯುನೈಟೆಡ್ ಸ್ಟೇಟ್ಸ್’ ಎಂಬ ಹಡಗು 3 ದಿನ 10 ತಾಸು 40 ನಿಮಿಷಗಳಲ್ಲಿ ಅಟ್ಲಾಂಟಿಕ್ ದಾಟಿ ಎಲ್ಲ ದಾಖಲೆಗಳನ್ನೂ ಮುರಿಯಿತು. ಆರೇ ವರ್ಷದಲ್ಲಿ, 1958ರ ಅಕ್ಟೋಬರಿನಲ್ಲಿ, ಜೆಟ್ ವಿಮಾನಗಳು ಆ ದಾರಿಗೆ ಬಂದವು. 1969ರಲ್ಲಿ ಸೇವೆ ನಿಲ್ಲಿಸಿದ ಆ ಹಡಗನ್ನು 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಿಂದ ಎಳೆದೊಯ್ದದ್ದು ಸಮುದ್ರದ ತಳದಲ್ಲಿ ಮೀನುಗಳಿಗೆ ಕೃತಕ ದಿಬ್ಬ ಮಾಡುವುದಕ್ಕಾಗಿ.

ಇಂದು ‘ಕ್ವೀನ್ ಮೇರಿ 2’ ಹತ್ತುವವರಿಗೆ ಉಳಿದಿರುವ ಕಿವಿಮಾತುಗಳು ಸೌಮ್ಯವಾದವು. ಪಶ್ಚಿಮಕ್ಕೆ ಹೋಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ದಿನಕ್ಕೆ 25 ತಾಸು ಸಿಗುತ್ತದೆ, ವಿಮಾನದವರಿಗೆ ಆಗುವ ನಿದ್ರೆಗೇಡು ಇಲ್ಲ. ಪೂರ್ವಕ್ಕೆ ಬರುವವರಿಗೆ ಅಷ್ಟೇ ತಾಸು ನಷ್ಟ. ಆದ್ದರಿಂದ ಮೊದಲ ಬಾರಿಯವರು ಅಮೆರಿಕದ ಕಡೆಗೆ ಹೋಗುವ ಪ್ರಯಾಣವನ್ನೇ ಆರಿಸಿಕೊಳ್ಳುವುದು ಲೇಸು. ಭಾರತದ ಪಾಸ್‌ಪೋರ್ಟು ಉಳ್ಳವರು ಎರಡೂ ದೇಶಗಳ ವೀಸಾ ಮೊದಲೇ ಮಾಡಿಸಿಕೊಂಡಿರಬೇಕು. ಮೆಟ್ಟಿಲ ಮೇಲೆ ನಿಂತು ಅಳೆಯುತ್ತಿದ್ದ ಕಣ್ಣು ಇಲ್ಲವಾಗಿಲ್ಲ, ದೂತಾವಾಸದ ಕಿಟಕಿಗೆ ಸರಿದಿದೆ ಅಷ್ಟೆ.

ಎಲ್ಲಿಸ್ ದ್ವೀಪದ ಕಟ್ಟಡ 1990ರಿಂದ ವಸ್ತುಸಂಗ್ರಹಾಲಯವಾಗಿದೆ. ಅಂದು ಬಂದವರ ಮೊಮ್ಮಕ್ಕಳು ಇಂದು ಹಡಗಿನ ಹಳೆಯ ಪಟ್ಟಿಗಳಲ್ಲಿ ತಮ್ಮವರ ಹೆಸರು ಹುಡುಕುತ್ತಾರೆ. ಮೇಲಿನ ಅಂತಸ್ತಿನವರು ಬಿಟ್ಟುಹೋದ ಭೋಜನದ ಪಟ್ಟಿಗಳು ಹರಾಜಿನಲ್ಲಿ ಬೆಲೆಬಾಳುತ್ತವೆ. ಕೆಳಗಿನವರು ಬಿಟ್ಟುಹೋದದ್ದು ಆ 29 ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ಅವುಗಳಲ್ಲಿ ಊರಿನ ಹೆಸರಿದೆ, ಕೈಯಲ್ಲಿದ್ದ ಹಣದ ಲೆಕ್ಕವಿದೆ, ದಡದಲ್ಲಿ ಕಾದಿದ್ದ ಅಣ್ಣನ ವಿಳಾಸವಿದೆ.